ಕನ್ನಡದ ಫೈಲು ತೆರೆದರೆ ಪೌಂಡಿನ ಚಿಹ್ನೆ ಯಾಕೆ ಬರುತ್ತದೆ?



ಊರಿನಿಂದ ಅಣ್ಣನೋ ಭಾವನೋ ಒಂದು ವರ್ಡ್ ಫೈಲು ಕಳಿಸುತ್ತಾರೆ. "ಅಪ್ಪ ಕೂತು ಟೈಪ್ ಮಾಡಿಸಿದ್ದ ಮನೆತನದ ಕಥೆ, ಹಳೇ ಸಿ.ಡಿ.ಯಲ್ಲಿ ಸಿಕ್ಕಿತು, ಓದಿ ನೋಡು" ಅಂತ. ನೀವು ಮುಂಬಯಿಯ ಲೋಕಲ್ ಟ್ರೇನಿನಲ್ಲೋ ಹೈದರಾಬಾದಿನ ಆಫೀಸಿನಲ್ಲೋ ಕೂತು ಆಸೆಯಿಂದ ತೆರೆಯುತ್ತೀರಿ. ಒಳಗೆ ಅಪ್ಪನೂ ಇಲ್ಲ, ಮನೆತನವೂ ಇಲ್ಲ. ಬ್ರಿಟಿಷರ ಪೌಂಡಿನ ಚಿಹ್ನೆ, ತಲೆಯ ಮೇಲೆ ಗೀರು ಎಳೆಸಿಕೊಂಡ ಇಂಗ್ಲಿಷ್ ಎ, ಅಲ್ಲೊಂದು ಕ್ಯೂ, ಇಲ್ಲೊಂದು ಪಿ. ಫೈಲು ಕೆಟ್ಟಿದೆ, ವೈರಸ್ ಬಡಿದಿದೆ ಅಂತ ತೀರ್ಮಾನಿಸಿ ಮುಚ್ಚಿಬಿಡುತ್ತೇವೆ. ಎಷ್ಟೋ ಜನ ಅಳಿಸಿಯೂ ಬಿಡುತ್ತಾರೆ. ದಯವಿಟ್ಟು ಅಳಿಸಬೇಡಿ. ಫೈಲಿಗೆ ಏನೂ ಆಗಿಲ್ಲ, ವೇಷ ಕಳಚಿದೆ ಅಷ್ಟೆ.

ವೇಷ ಅಂದೆ, ಯಾಕೆ ಅಂತ ಹೇಳುತ್ತೇನೆ. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಹಳೆಯ ಪದ್ಧತಿಯಲ್ಲಿ ಒಂದು ಫಾಂಟಿಗೆ ಇದ್ದದ್ದು 256 ಕುರ್ಚಿಗಳು. ಆ ಕುರ್ಚಿಗಳಲ್ಲಿ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು ಮೊದಲೇ ಬಂದು ಟವೆಲ್ ಹಾಕಿದ್ದವು. ಕನ್ನಡಕ್ಕೆ ಜಾಗವೇ ಇಲ್ಲ. ಆಗ ನಮ್ಮ ತಂತ್ರಜ್ಞರು ಮಾಡಿದ ಉಪಾಯ ನೋಡಿ: ಕುರ್ಚಿಯಲ್ಲಿ ಕೂತವರನ್ನು ಏಳಿಸಲಿಲ್ಲ, ಅವರಿಗೇ ಕನ್ನಡದ ವೇಷ ಹಾಕಿಸಿದರು. ಪಿ ಅನ್ನುವ ಅಕ್ಷರದ ಜಾಗದಲ್ಲಿ 'ಕ'ದ ಕೆಳಭಾಗದ ಚಿತ್ರ ಬರೆದರು. ಗೀರು ಇರುವ ಎ ಜಾಗದಲ್ಲಿ ತಲೆಕಟ್ಟು ಬರೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಕಣ್ಣಿಗೆ 'ಕ'. ಕಂಪ್ಯೂಟರಿನ ಮಟ್ಟಿಗೆ ಅದು ಇನ್ನೂ ಪಿ ಮತ್ತು ಎ ಮಾತ್ರ. ಯಕ್ಷಗಾನದಲ್ಲಿ ಕಿರೀಟ ಇರುವ ತನಕ ಕೌರವ, ಚೌಕಿಗೆ ಬಂದು ಕಿರೀಟ ತೆಗೆದರೆ ಪಕ್ಕದ ಮನೆಯ ಶೆಟ್ಟರು. ಇಲ್ಲಿ ಫಾಂಟೇ ಕಿರೀಟ. ನಿಮ್ಮ ಯಂತ್ರದಲ್ಲಿ ಆ ಫಾಂಟ್ ಇಲ್ಲದಿದ್ದರೆ ಶೆಟ್ಟರು ಕಾಣುತ್ತಾರೆ.

ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ 'ಕನ್ನಡ' ಎಂದು ಬರೆದದ್ದನ್ನು ಹೀಗೆ ಬಿಚ್ಚಿ ನೋಡಿದರೆ ಸಿಗುವುದು ಪಿ, ಗೀರಿನ ಎ, ಪೌಂಡ್, ಮತ್ತೆ ಗೀರಿನ ಎ, ಆಮೇಲೆ ಜರ್ಮನರು ಎರಡು ಎಸ್‌ಗೆ ಬದಲು ಬಳಸುವ ಒಂದು ಅಕ್ಷರ, ಕ್ಯೂ, ಕೊನೆಗೆ ಇನ್ನೊಂದು ಎ. ಆ ಜರ್ಮನ್ ಅಕ್ಷರವೇ ನಮ್ಮ 'ನ' ಒತ್ತು! 'ಕರ್ನಾಟಕ' ಬರೆದರೆ ಅದರ ಅರ್ಕಾವತ್ತಿನ ಜಾಗದಲ್ಲಿ ಐಸ್‌ಲೆಂಡಿನವರು ಬಳಸುವ ಒಂದು ಅಕ್ಷರ ಕೂತಿರುತ್ತದೆ. ಜಾಗತೀಕರಣ ಅಂದರೆ ಇದೇ ಇರಬೇಕು.

ನಗುವ ಮೊದಲು ಒಂದು ಮಾತು. ಈ ಉಪಾಯ ಇಲ್ಲದಿದ್ದರೆ ಆ ಕಾಲದಲ್ಲಿ ಕನ್ನಡದಲ್ಲಿ ಪತ್ರಿಕೆ, ಪುಸ್ತಕ, ಮದುವೆ ಕಾಗದ ಯಾವುದೂ ಕಂಪ್ಯೂಟರಿನಿಂದ ಹೊರಬರುತ್ತಿರಲಿಲ್ಲ. ಬೆಂಗಳೂರಿನ ಆಕೃತಿ, ಪುಣೆಯ ಮಾಡ್ಯುಲರ್ ಸಂಸ್ಥೆಯ ಶ್ರೀಲಿಪಿ, ಪುಣೆಯದೇ ಆದ ಸಿ-ಡ್ಯಾಕ್‌ನ ತಂತ್ರಾಂಶಗಳು ಡಿ.ಟಿ.ಪಿ. ಅಂಗಡಿಗಳನ್ನು ಆಳಿದವು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದು, ದುಡ್ಡು ಕೊಡದೆ ಮನೆಯಲ್ಲೇ ಕನ್ನಡ ಟೈಪ್ ಮಾಡಬಹುದು ಅಂತ ತೋರಿಸಿತು. ಪರನಾಡಿನ ಕನ್ನಡಿಗರು ಅದನ್ನು ಎಷ್ಟು ಹಚ್ಚಿಕೊಂಡರು ಅನ್ನುವುದು ನಿಮಗೇ ಗೊತ್ತು. ಆಮೇಲೆ ಕನ್ನಡ ಗಣಕ ಪರಿಷತ್ತು ಕರ್ನಾಟಕ ಸರ್ಕಾರಕ್ಕಾಗಿ 'ನುಡಿ' ಕೊಟ್ಟಿತು. ಅದರ ಕೀಲಿಮಣೆ ವಿನ್ಯಾಸ ಕೆ.ಪಿ. ರಾವ್ ಅವರ ತಲೆಯಿಂದ ಬಂದದ್ದು. ಕೆ ಒತ್ತಿದರೆ 'ಕ', ಶಿಫ್ಟ್ ಹಿಡಿದು ಒತ್ತಿದರೆ 'ಖ', ಅರ್ಧಾಕ್ಷರ ಬೇಕಾದರೆ ಎಫ್. ಇಂಗ್ಲಿಷ್ ಕೀಲಿಮಣೆಯ ಇಪ್ಪತ್ತಾರು ಅಕ್ಷರದಲ್ಲೇ ಇಡೀ ಕನ್ನಡ ಮುಗಿಯುತ್ತದೆ. ಇದಕ್ಕಿಂತ ಸರಳವಾದದ್ದನ್ನು ನಾನಂತೂ ಕಂಡಿಲ್ಲ.

ತೊಂದರೆ ಇದ್ದದ್ದು ಒಬ್ಬೊಬ್ಬರೂ ಒಂದೊಂದು ರೀತಿ ವೇಷ ಹಾಕಿಸಿದ್ದರಲ್ಲಿ. ಒಬ್ಬರ ಫಾಂಟಿನ 'ಕ' ಇನ್ನೊಬ್ಬರ ಫಾಂಟಿನಲ್ಲಿ ಬೇರೇನೋ. ಹಾಗಾಗಿ "ಯಾವುದೋ ಒಂದು ಕನ್ನಡ ಫಾಂಟ್ ಹಾಕಿಕೋ, ಬರುತ್ತೆ" ಅನ್ನುವ ಸಲಹೆ ಕೆಲಸಕ್ಕೆ ಬಾರದು. ಬರೆದ ಫಾಂಟೇ ಬೇಕು, ಇಲ್ಲವೇ ಅದೇ ಸಂಕೇತ ಪಾಲಿಸುವ ಇನ್ನೊಂದು. ಇಷ್ಟಾದರೂ ಆ ಫೈಲಿನಲ್ಲಿ ಹುಡುಕಾಟ ಸರಿಯಾಗಿ ನಡೆಯುವುದಿಲ್ಲ, ಅಕಾರಾದಿಯಾಗಿ ಜೋಡಿಸಿದರೆ 'ಅ' ಎಲ್ಲೋ 'ಕ' ಎಲ್ಲೋ.

ಇದಕ್ಕೆ ಮದ್ದು ಯುನಿಕೋಡ್. ಪ್ರಪಂಚದ ಎಲ್ಲ ಲಿಪಿಗೂ ಬೇರೆ ಬೇರೆ ಕುರ್ಚಿ, ಯಾರೂ ಯಾರ ತೊಡೆಯ ಮೇಲೂ ಕೂರಬೇಕಾಗಿಲ್ಲ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ಒಂದು ಸಾಲು ಮೀಸಲಾಯಿತು. 'ಕ'ದ ಸಂಖ್ಯೆ 3221. ಚೆನ್ನೈಯಲ್ಲೂ ಅದೇ, ದಿಲ್ಲಿಯಲ್ಲೂ ಅದೇ, ದುಬೈಯಲ್ಲೂ ಅದೇ. 'ಕನ್ನಡ' ಅಂದರೆ 3221, 3240, 3277, 3240, 3233. ನಡುವಿನ 3277 ಇದೆಯಲ್ಲ, ಅದು ಅರ್ಧಾಕ್ಷರದ ಚಿಹ್ನೆ. 'ನ' ಒತ್ತಿಗೆ ಪ್ರತ್ಯೇಕ ಸಂಖ್ಯೆಯೇ ಇಲ್ಲ, ಗಮನಿಸಿದಿರಾ? ಯುನಿಕೋಡ್ ನಮ್ಮ ಮೇಷ್ಟರು ಹೇಳಿಕೊಟ್ಟ ಹಾಗೆಯೇ ಬರೆದುಕೊಳ್ಳುತ್ತದೆ: ನ್ ಕೆಳಗೆ ನ. ಅದನ್ನು ಒತ್ತಾಗಿ ಎಲ್ಲಿ, ಎಷ್ಟು ದೊಡ್ಡದಾಗಿ ಕೂರಿಸಬೇಕು ಅನ್ನುವ ಚಿಂತೆ ಫಾಂಟಿನದು. ಅರ್ಥ ಒಂದು ಕಡೆ, ಅಲಂಕಾರ ಒಂದು ಕಡೆ. ಇದೇ ಮುಖ್ಯ ವ್ಯತ್ಯಾಸ.

1991ರಲ್ಲೇ ಬಂದ ಮೇಲೆ ತಡ ಯಾಕಾಯಿತು ಅಂತ ಕೇಳಬಹುದು. ಸಂಖ್ಯೆ ಕೊಟ್ಟ ಮಾತ್ರಕ್ಕೆ ಆಗಲಿಲ್ಲ, ತೋರಿಸುವವರು ಬೇಕಲ್ಲ. ವಿಂಡೋಸ್‌ನಲ್ಲಿ ಕನ್ನಡದ 'ತುಂಗ' ಫಾಂಟ್ ಬಂದದ್ದು 2001ರ ಎಕ್ಸ್‌ಪಿಯ ಜೊತೆ. ಅದೂ ಎಷ್ಟೋ ಯಂತ್ರಗಳಲ್ಲಿ ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ, ಸಿ.ಡಿ. ಹಾಕಿ, ಭಾರತೀಯ ಭಾಷೆಗಳನ್ನು ಎಬ್ಬಿಸಬೇಕಿತ್ತು. ಇತ್ತ ಅಚ್ಚಿನ ಮನೆಗಳಲ್ಲಿ ರಾಜ್ಯಭಾರ ಮಾಡುತ್ತಿದ್ದ ಪೇಜ್‌ಮೇಕರ್‌ಗೆ ಯುನಿಕೋಡ್ ಅರ್ಥವೇ ಆಗುತ್ತಿರಲಿಲ್ಲ. ಹಾಗಾಗಿ ಮಾಟುಂಗದ ಸಂಘವಿರಲಿ, ದಿಲ್ಲಿಯ ಸಂಘವಿರಲಿ, ಆ ವರ್ಷಗಳಲ್ಲಿ ಸ್ಮರಣ ಸಂಚಿಕೆ ತಂದವರ ಬಳಿ ಹಳೆಯ ಫಾಂಟಿನ ಫೈಲುಗಳೇ ಉಳಿದಿರುವ ಸಾಧ್ಯತೆ ಹೆಚ್ಚು. ಪರನಾಡಿಗೆ ಬಂದ ಮೊದಲ ತಲೆಮಾರಿನವರ ಹೋಟೆಲು, ನಾಟಕ, ರಾತ್ರಿಶಾಲೆಗಳ ನೆನಪು ಅಂಥ ಲೇಖನಗಳಲ್ಲಿ ಇರುತ್ತದೆ. ಅಂತರಜಾಲದಲ್ಲಿ ಎಷ್ಟೇ ಹುಡುಕಿದರೂ ಅವು ಸಿಗುವುದಿಲ್ಲ, ಯಾಕೆಂದರೆ ಕಂಪ್ಯೂಟರಿನ ಪ್ರಕಾರ ಅವು ಕನ್ನಡದಲ್ಲಿಲ್ಲ!

ಈಗ ಮೊಬೈಲಿನಲ್ಲೇ ಕನ್ನಡ ಬರುತ್ತದೆ, ತಲೆನೋವು ಮುಗಿಯಿತು ಅಂತೀರಾ? ಪೂರ್ತಿ ಮುಗಿದಿಲ್ಲ. 'ಸ್ತ್ರೀ' ಅಂತ ಟೈಪ್ ಮಾಡಿ ಬ್ಯಾಕ್‌ಸ್ಪೇಸ್ ಒತ್ತಿ ನೋಡಿ. ಒಂದು ಅಕ್ಷರ ಅಂತ ನಾವು ಅಂದುಕೊಂಡದ್ದು ಒಂದೇ ಏಟಿಗೆ ಹೋಗುವುದಿಲ್ಲ. ಸ್ತ್ರ, ಸ್ತ್, ಸ್ತ, ಸ್, ಸ ಅಂತ ಆರು ಏಟು ತಿಂದು ಮಾಯವಾಗುತ್ತದೆ. ಅದೇ ಮುಂದೆ ಕರ್ಸರ್ ಇಟ್ಟು ಡಿಲೀಟ್ ಒತ್ತಿದರೆ ಹಲವು ತಂತ್ರಾಂಶಗಳಲ್ಲಿ ಇಡೀ ಸ್ತ್ರೀ ಒಂದೇ ಸಲಕ್ಕೆ ಮಾಯ. ಕಟ್ಟಿದ ಹಾಗೆಯೇ ಬಿಚ್ಚುವುದು ಬ್ಯಾಕ್‌ಸ್ಪೇಸಿನ ಕ್ರಮ, ಒಟ್ಟಿಗೆ ಗುಡಿಸುವುದು ಡಿಲೀಟಿನ ಕ್ರಮ. ಎಸ್ಸೆಮ್ಮೆಸ್ಸಿನಲ್ಲೂ ಇದೇ ಲೆಕ್ಕ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡದ್ದಾದರೆ 70. ಆ ಎಪ್ಪತ್ತರಲ್ಲಿ 'ಸ್ತ್ರೀ' ಒಬ್ಬಳೇ ಆರು ಸೀಟು ಹಿಡಿಯುತ್ತಾಳೆ, 'ನಮಸ್ಕಾರ' ಏಳು.

ಇನ್ನು ಕಣ್ಣಿಗೆ ಕಾಣದ ಒಂದು ಅಕ್ಷರವಿದೆ. 'ರಾಜ್‌ಕುಮಾರ್' ಅಂತ ಬರೆಯಬೇಕು. ಸುಮ್ಮನೆ ಟೈಪ್ ಮಾಡುತ್ತಾ ಹೋದರೆ ಯಂತ್ರ ತನ್ನ ವ್ಯಾಕರಣ ತೋರಿಸಿ 'ರಾಜ್ಕುಮಾರ್' ಅಂತ ಜ ಕೆಳಗೆ ಕ ಒತ್ತು ಅಂಟಿಸುತ್ತದೆ. ಅಣ್ಣಾವ್ರ ಹೆಸರಿಗೇ ಹೀಗಾದರೆ ಹೇಗೆ? ಎರಡನ್ನೂ ಬಿಡಿಸಿ ನಿಲ್ಲಿಸಲು ನಡುವೆ ಶೂನ್ಯ ಅಗಲದ ಒಂದು ಅಕ್ಷರ ಹಾಕಬೇಕು. ಮನೆಯ ಜಗಳದಲ್ಲಿ ನಡುವೆ ನಿಂತ ಅತ್ತಿಗೆಯ ಹಾಗೆ, ಕಾಣುವುದಿಲ್ಲ, ಆದರೆ ಇಬ್ಬರನ್ನೂ ದೂರ ಇಡುತ್ತದೆ. 'ಸಾಫ್ಟ್‌ವೇರ್' ಕೂಡ ಇದರ ಕೃಪೆಯಿಂದಲೇ ಓದುವಂತಿದೆ. ಆದರೆ ಸಂಘದ ಸದಸ್ಯರ ಪಟ್ಟಿ ಎಕ್ಸೆಲ್‌ನಲ್ಲಿ ಇದ್ದರೆ, ಒಬ್ಬರು ಈ ಅಕ್ಷರ ಹಾಕಿ, ಇನ್ನೊಬ್ಬರು ಹಾಕದೆ ಟೈಪ್ ಮಾಡಿದ್ದರೆ, ಒಂದೇ ಹೆಸರು ಎರಡಾಗಿ ಎರಡು ಆಮಂತ್ರಣ ಹೋಗುತ್ತದೆ.

ಹೈದರಾಬಾದಿನ ಕೇಳುಗರಿಗೆ ನೆನಪಿರಬಹುದು, 2018ರ ಫೆಬ್ರವರಿಯಲ್ಲಿ ತೆಲುಗಿನ ಒಂದೇ ಒಂದು 'ಜ್ಞಾ' ಐಫೋನುಗಳನ್ನು ಗಡಗಡ ನಡುಗಿಸಿತ್ತು. ಆ ಅಕ್ಷರ ಇರುವ ಸಂದೇಶ ಬಂದರೆ ಸಾಕು, ಆ್ಯಪ್ ಮುಚ್ಚಿಹೋಗುತ್ತಿತ್ತು. ಮಾಮೂಲು ಜ್ಞಾ ಅಲ್ಲ, ಇದೇ ಕಾಣದ ಅಕ್ಷರ ನಡುವೆ ಸಿಕ್ಕಿಕೊಂಡಿದ್ದ ಜ್ಞಾ. ಅದನ್ನು ಹೇಗೆ ಬರೆಯುವುದೋ ತಿಳಿಯದೆ ಫೋನು ಕೈಚೆಲ್ಲುತ್ತಿತ್ತು. ಕಂಪನಿ ಅದೇ ತಿಂಗಳು 11.2.6 ಅನ್ನುವ ತಿದ್ದುಪಡಿ ಕಳಿಸಿ ಸುಧಾರಿಸಿತು. ಜ್ಞಾನ ಜೀರ್ಣವಾಗದೆ ಬಿದ್ದ ಯಂತ್ರ ಅಂತ ಆಗ ನಕ್ಕವರು ಬಹಳ.

ಆದರೆ ನನಗೆ ಎಲ್ಲಕ್ಕಿಂತ ಸಿಟ್ಟು ಬರಿಸುವುದು ಯಂತ್ರದ ತಪ್ಪಲ್ಲ, ನಮ್ಮ ಅವಸರ. 'ಕನಾ೯ಟಕ' ಅಂತ ಬರೆದದ್ದನ್ನು ನೋಡಿದ್ದೀರಲ್ಲ? ಅಲ್ಲಿರುವುದು ಅರ್ಕಾವತ್ತು ಅಲ್ಲ, ಕನ್ನಡದ ಒಂಬತ್ತು! ಆಕಾರ ಒಂದೇ ಥರ, ಹಾಗಾಗಿ ಸಿಕ್ಕಿದ್ದನ್ನು ಒತ್ತಿಬಿಡುತ್ತಾರೆ. 'ಬೆ೦ಗಳೂರು' ಅಂತ ಬರೆದು ಅನುಸ್ವಾರದ ಬದಲು ಅಂಕಿ ಸೊನ್ನೆ ಇಡುವವರೂ ಇದ್ದಾರೆ. ಕಣ್ಣಿಗೆ ವ್ಯತ್ಯಾಸ ಕಾಣದು, ಅದಕ್ಕೇನಂತೆ ಅನ್ನಬಹುದು. ಕಣ್ಣು ಕಾಣದ ಕೇಳುಗರು ನಮ್ಮಲ್ಲಿ ಇದ್ದಾರೆ. ಅವರು ಪತ್ರ, ಲೇಖನ ಓದುವುದು ಪರದೆಯಲ್ಲಿದ್ದದ್ದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶದಿಂದ. ಅದು ಇದ್ದದ್ದನ್ನು ಇದ್ದ ಹಾಗೆ ಓದುತ್ತದೆ, ನಮ್ಮ ರಾಜ್ಯದ ನಡುವೆ ಒಂಬತ್ತು, ರಾಜಧಾನಿಯ ನಡುವೆ ಸೊನ್ನೆ. ಹುಡುಕುವ ಯಂತ್ರಕ್ಕೂ ಅದು ಕರ್ನಾಟಕ ಅಲ್ಲ.

ಸರಿ, ಅಪ್ಪನ ಫೈಲಿಗೆ ಬರೋಣ. ಮೊದಲು ಅದರದ್ದೊಂದು ಪ್ರತಿ ತೆಗೆದು ಬೇರೆ ಕಡೆ ಇಡಿ, ಮೂಲಕ್ಕೆ ಕೈ ಹಚ್ಚಬೇಡಿ. ವರ್ಡ್‌ನಲ್ಲಿ ತೆರೆದು ಆ ಪೌಂಡು ಗೀರುಗಳ ಮೇಲೆ ಕರ್ಸರ್ ಇಟ್ಟರೆ ಮೇಲಿನ ಪಟ್ಟಿಯಲ್ಲಿ ಬರೆದ ಫಾಂಟಿನ ಹೆಸರು ಕಾಣುತ್ತದೆ. ನುಡಿ ಅಂತ ಶುರುವಾದರೆ ನುಡಿಯದು, ಬಿ.ಆರ್.ಎಚ್. ಅಂತಿದ್ದರೆ ಬರಹದ್ದು, ಶ್ರೀ ಅಂತಿದ್ದರೆ ಶ್ರೀಲಿಪಿ. ವೇಷ ಕಳಚಿದ್ದರೂ ಹೆಸರು ಹೋಗಿರುವುದಿಲ್ಲ. ಹೆಸರು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ನುಡಿ, ಬರಹದ ಅಕ್ಷರಗಳನ್ನು ಯುನಿಕೋಡಿಗೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಅಲ್ಲಿ ಅಂಟಿಸಿ ಒಂದು ಗುಂಡಿ ಒತ್ತಿದರೆ ಕಥೆ ಕನ್ನಡಕ್ಕೆ ಬರುತ್ತದೆ. ಕೆಲವು ಖಾಸಗಿ ಫಾಂಟುಗಳಿಗೆ ಪರಿವರ್ತಕ ಸಿಗದೆ ಇದ್ದರೆ, ಆ ಫಾಂಟ್ ಇರುವ ಹಳೆಯ ಯಂತ್ರದಲ್ಲಿ ಫೈಲು ತೆರೆದು ಮುದ್ರಿಸಿ, ಚಿತ್ರ ನೋಡಿ ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಕೊಡಬಹುದು. ಕನ್ನಡವನ್ನು ಅವು ಈಗ ಸುಮಾರಾಗಿ ಓದುತ್ತವೆ. ಊರಿನ ಡಿ.ಟಿ.ಪಿ. ಅಂಗಡಿಯವರ ಹಳೇ ಕಂಪ್ಯೂಟರ್ ಇನ್ನೂ ಗುಜರಿಗೆ ಹೋಗಿರದಿದ್ದರೆ ಈ ರಜೆಯಲ್ಲೇ ಹೋಗಿ ವಿಚಾರಿಸಿ. ಅದು ಹೋದ ಮೇಲೆ ಆ ಫಾಂಟನ್ನು ಹುಡುಕುವುದು ಕಷ್ಟ.

ಪರಿವರ್ತನೆ ಆದ ಮೇಲೆ ಒಮ್ಮೆ ಕೂತು ಓದಲೇಬೇಕು. ತಪ್ಪು ಹೆಚ್ಚಾಗಿ ಅರ್ಕಾವತ್ತಿನಲ್ಲಿ. ಹಳೆಯ ಫಾಂಟಿನಲ್ಲಿ ಅದು ಅಕ್ಷರದ ಆಮೇಲೆ ಬರುವ ಚಿತ್ರ, ಯುನಿಕೋಡಿನಲ್ಲಿ 'ರ್' ಮೊದಲು ಬರಬೇಕು. ಒಳ್ಳೆಯ ಪರಿವರ್ತಕ ಅದನ್ನು ಹಿಂದಕ್ಕೆ ಎಳೆದು ಕೂರಿಸುತ್ತದೆ, ಅರೆಬೆಂದದ್ದು 'ಸೂಯ೯' ಅಂತ ಬಿಟ್ಟುಬಿಡುತ್ತದೆ. ಆದ್ದರಿಂದ ಫೈಲಿನಲ್ಲಿ ೯ ಮತ್ತು ೦ ಎಲ್ಲೆಲ್ಲಿ ಇವೆ ಅಂತ ಹುಡುಕಿ, ಒಂದೊಂದಾಗಿ ನೋಡಿ ತಿದ್ದಿ. ಎಲ್ಲವನ್ನೂ ಒಂದೇ ಏಟಿಗೆ ಬದಲಾಯಿಸಲು ಹೋಗಬೇಡಿ, ಹೋದರೆ ಅಪ್ಪ ೧೯೪೭ ಅಂತ ಬರೆದ ಕಡೆಯೆಲ್ಲ ಒಂದು ಮತ್ತು ನಾಲ್ಕರ ನಡುವೆ 'ರ್' ಬಂದು ಕೂರುತ್ತದೆ.