ಚಳಿಗಾಲವಿಲ್ಲದ ನಾಡಿನಲ್ಲಿ ದ್ರಾಕ್ಷಿ

ದ್ರಾಕ್ಷಿಯ ಬಳ್ಳಿಗೆ ವರ್ಷಕ್ಕೊಮ್ಮೆ ವಿಶ್ರಾಂತಿ ಬೇಕು. ಉತ್ತರ ಅಕ್ಷಾಂಶ 45 ಡಿಗ್ರಿಯ ನೆರೆಯಲ್ಲಿರುವ ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ ಚಳಿ ಮೊದಲಾಗುತ್ತಲೇ ಬಳ್ಳಿಯು ಎಲೆಗಳನ್ನೆಲ್ಲ ಉದುರಿಸಿ, ವಸಂತದವರೆಗೆ ಸುಪ್ತವಾಗಿರುತ್ತದೆ. 1855ರ ವರ್ಗೀಕರಣದಲ್ಲಿ ಕೆಂಪು ವೈನಿಗಾಗಿ ಪ್ರಥಮ ಶ್ರೇಣಿಯನ್ನು ಪಡೆದ ಲಾಫೀತ್, ಲಾತೂರ್, ಮಾರ್ಗೋ, ಓಬ್ರಿಯೋಂ ತೋಟಗಳು ಇಂತಹ ಋತುಚಕ್ರದಲ್ಲಿಯೇ ಬೆಳೆದು ಬಂದವು. ಹಾಗಾದರೆ, 13 ಡಿಗ್ರಿ ಅಕ್ಷಾಂಶದ ಸಮೀಪದಲ್ಲಿದ್ದು ಹಿಮವನ್ನೇ ಕಾಣದ ನಮ್ಮ ನಾಡಿನಲ್ಲಿ ಆ ಜಾತಿಯ ದ್ರಾಕ್ಷಿಯು ಬೆಳೆದೀತೆ?

ಬೆಳೆದೀತೆಂದು ತೋರಿಸಿಕೊಟ್ಟ ತೋಟವೊಂದು ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ತಪ್ಪಲಿನಲ್ಲಿದೆ. ಉದ್ಯಮಿ ಕನ್ವಲ್ ಗ್ರೋವರ್ ಅವರು ಶಾಂಪೇನ್ ಪ್ರಾಂತದ ತಜ್ಞ ಜಾರ್ಜ್ ವೆಸೆಲ್ ಅವರ ನೆರವಿನಿಂದ ಫ್ರೆಂಚ್ ತಳಿಗಳನ್ನು ಪರೀಕ್ಷಿಸಿ, 1988ರಲ್ಲಿ ಇಲ್ಲಿ ವೈನ್ ಉದ್ಯಮವನ್ನು ಸ್ಥಾಪಿಸಿದರು. ಮುಂದೆ ಬೋರ್ಡೋದ ಮಿಶೆಲ್ ರೋಲಾನ್ ಸಲಹೆಗಾರರಾದರು. ಕ್ಯಾಬರ್ನೆ ಸೋವಿನ್ಯೋಂ ಮತ್ತು ಶಿರಾಜ್ ತಳಿಗಳ ಮಿಶ್ರಣವಾದ 'ಲಾ ರಿಸರ್ವ್' ಇಲ್ಲಿಯ ಹೆಸರಾಂತ ವೈನ್. ಈ ಸೀಮೆಗೆ ದ್ರಾಕ್ಷಿಯೇನೂ ಹೊಸದಲ್ಲ. 2013ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ 'ಬೆಂಗಳೂರು ನೀಲಿ' ಇಲ್ಲಿಯ ರೈತರ ಹಳೆಯ ಬೆಳೆ.

ಸ್ಥಳದ ಆಯ್ಕೆಯಲ್ಲಿ ಭೌತವಿಜ್ಞಾನದ ಒಂದು ಸರಳ ನಿಯಮ ಅಡಗಿದೆ. ಒಂದು ಕಿಲೋಮೀಟರ್ ಮೇಲೇರಿದರೆ ಗಾಳಿಯ ಉಷ್ಣತೆಯು ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಶಿವಮೊಗ್ಗೆಯ ಸೋಗಾನೆಯ ಎತ್ತರ ಸುಮಾರು 600 ಮೀಟರ್. ನಂದಿಯ ತಪ್ಪಲಿನದು ಸುಮಾರು 900 ಮೀಟರ್. ಈ 300 ಮೀಟರುಗಳಿಂದ ದೊರೆಯುವ ತಂಪು ಎರಡು ಡಿಗ್ರಿಯಷ್ಟೆ. ಆದರೆ ಅದನ್ನು ಅಲ್ಪವೆಂದು ತಳ್ಳಿಹಾಕುವಂತಿಲ್ಲ. ಹಣ್ಣು ಉಸಿರಾಡುವಾಗ ತನ್ನಲ್ಲಿರುವ ಮ್ಯಾಲಿಕ್ ಆಮ್ಲವನ್ನು ವ್ಯಯಿಸುತ್ತದೆ. ಶಾಖ ಹೆಚ್ಚಿದಷ್ಟೂ ಈ ವ್ಯಯವು ಹೆಚ್ಚು. ರಾತ್ರಿ ತಂಪಾಗಿದ್ದರೆ ಆಮ್ಲವು ಉಳಿದು, ರಸಕ್ಕೆ ರುಚಿ ಬರುತ್ತದೆ. ಮಲೆನಾಡಿನ ಅಂಚಿಗೆ ಮತ್ತೊಂದು ತೊಡಕೂ ಉಂಟು: ಅಲ್ಲಿಯ ದೀರ್ಘವಾದ ಮಳೆ ಮತ್ತು ತೇವ ಬೂಜುರೋಗಕ್ಕೆ ಆಹ್ವಾನ ಕೊಟ್ಟಂತೆ.

ಇನ್ನು ವಿಶ್ರಾಂತಿಯ ಪ್ರಶ್ನೆ. ಹಿಮವು ಮಾಡಬೇಕಾದ ಕೆಲಸವನ್ನು ಇಲ್ಲಿ ಕತ್ತರಿಯು ಮಾಡುತ್ತದೆ. ಕೊಯ್ಲು ಮುಗಿದ ಬಳಿಕ, ಏಪ್ರಿಲಿನ ಸುಮಾರಿಗೆ ಬಳ್ಳಿಯನ್ನು ಮೊಟಕಾಗಿ ಸವರುವರು. ಹೊಸದಾಗಿ ಹೊರಟ ಕುಡಿಗಳಲ್ಲಿ ಮುಂದಿನ ಫಲದ ಮೊಗ್ಗುಗಳು ರೂಪುಗೊಳ್ಳುತ್ತವೆ. ಸೆಪ್ಟೆಂಬರ್ ಅಥವಾ ಅಕ್ಟೋಬರಿನಲ್ಲಿ ಪುನಃ ಸವರಿದರೆ, ಹಣ್ಣು ಫೆಬ್ರವರಿ-ಮಾರ್ಚ್ ತಿಂಗಳ ಒಣ ಹವೆಯಲ್ಲಿ ಮಾಗುತ್ತದೆ. ಬಳ್ಳಿಯು ನಿದ್ರಿಸುವುದೇ ಇಲ್ಲ. ಸವರುವವನು ಹಾಕಿಕೊಟ್ಟ ಪಂಚಾಂಗದಂತೆ ನಡೆಯುತ್ತದೆ.

ಕೊಯ್ದ ಹಣ್ಣನ್ನು ಜಜ್ಜಿ ತೊಟ್ಟಿಯಲ್ಲಿ ಹುದುಗಿಡುತ್ತಾರೆ. ಬಹುಪಾಲು ಕಪ್ಪು ದ್ರಾಕ್ಷಿಗಳ ರಸಕ್ಕೆ ಬಣ್ಣವಿಲ್ಲ. ಕೆಂಪು ಬಣ್ಣವು ಬರುವುದು ಸಿಪ್ಪೆಯಿಂದ. ಆದುದರಿಂದ ಕೆಂಪು ವೈನಿಗೆ ಸಿಪ್ಪೆಯೊಡನೆಯೇ ಹುದುಗಿಸುವರು. ಯೀಸ್ಟ್ ಎಂಬ ಸೂಕ್ಷ್ಮಜೀವಿಯು 180 ಗ್ರಾಂ ಸಕ್ಕರೆಯನ್ನು ಪೂರ್ಣವಾಗಿ ಒಡೆದರೆ, ಲೆಕ್ಕದ ಪ್ರಕಾರ 92 ಗ್ರಾಂ ಮದ್ಯಸಾರವೂ 88 ಗ್ರಾಂ ಇಂಗಾಲದ ಡೈ ಆಕ್ಸೈಡೂ ಹುಟ್ಟುತ್ತವೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆಯಿಂದ ಶೇಕಡಾ 1ರಷ್ಟು ಮದ್ಯಸಾರ ದೊರೆಯುವುದರಿಂದ, 220 ಗ್ರಾಂ ಇರುವ ರಸವು ಶೇಕಡಾ 13ರ ವೈನಾಗುತ್ತದೆ. ಈ ಕ್ರಿಯೆಯಲ್ಲಿ ಶಾಖವೂ ಹೊಮ್ಮುವುದು. ತೊಟ್ಟಿಯನ್ನು ತಂಪಾಗಿಡದಿದ್ದರೆ ಯೀಸ್ಟ್ ತಾನು ಹುಟ್ಟಿಸಿದ ಶಾಖದಿಂದಲೇ ಸಾಯುತ್ತದೆ. ಗಾಳಿಗಿಂತ ಭಾರವಾದ ಆ ಅನಿಲವು ನೆಲಮಾಳಿಗೆಯ ತಳದಲ್ಲಿ ನಿಂತರೆ ಮನುಷ್ಯನ ಪ್ರಾಣಕ್ಕೂ ಅಪಾಯವಿದೆ.

ಮದ್ಯಪಾನದ ಗುಣದೋಷಗಳ ವಿಚಾರ ಹಾಗಿರಲಿ. ದ್ರಾಕ್ಷಿಯು ಹವಾಮಾನದ ಸೂಕ್ಷ್ಮ ಸಾಕ್ಷಿ ಎಂಬುದನ್ನು ಇಲ್ಲಿ ಗಮನಿಸಬೇಕು. ಫ್ರಾನ್ಸಿನ ಬೋನ್ ಪಟ್ಟಣದಲ್ಲಿ 1354ರಿಂದ 2018ರವರೆಗಿನ ಕೊಯ್ಲಿನ ದಿನಗಳನ್ನು ವಿದ್ವಾಂಸರು ಕಲೆಹಾಕಿದ್ದಾರೆ. 1988ರಿಂದೀಚೆಗೆ ಅಲ್ಲಿ ಕೊಯ್ಲು, ಹಿಂದಿನ ಶತಮಾನಗಳ ಸರಾಸರಿಗಿಂತ 13 ದಿನ ಮುಂಚಿತವಾಗಿ ನಡೆಯುತ್ತಿದೆ. ಬೋರ್ಡೋದ ಪ್ರಥಮ ಶ್ರೇಣಿಗೆ 1973ರಲ್ಲಿ ಮೂತೋಂ ತೋಟವು ಸೇರಿದ್ದನ್ನು ಬಿಟ್ಟರೆ ಆ ಪಟ್ಟಿ ಹೆಚ್ಚು ಕದಲಿಲ್ಲ; ಹವೆ ಮಾತ್ರ ಕದಲಿದೆ. ಎರಡು ಡಿಗ್ರಿಯ ಬೆಲೆ ಏನೆಂಬುದನ್ನು ನಂದಿಯ ತಪ್ಪಲು ಬಲ್ಲದು. ಆ ಎರಡು ಡಿಗ್ರಿಯೇ ಏರಿಹೋದರೆ ಇನ್ನೂ ಎತ್ತರದ ನೆಲವನ್ನು ಅರಸಬೇಕಾದೀತು; ಆದರೆ ಬೆಟ್ಟಕ್ಕೂ ಒಂದು ತುದಿ ಇದೆಯಲ್ಲವೆ?