ಎಮು ಪಕ್ಷಿಯ ಸಂತಾನಕ್ರಮ ಮತ್ತು ಮೊಟ್ಟೆಗಳ ಪಾಲನೆ: ಗ್ರಾಮ ಪಂಚಾಯತಿ ಸದಸ್ಯರು ಅರಿತಿರಬೇಕಾದ ಅಂಶಗಳು

ಚಾಮರಾಜನಗರದಿಂದ ಪುಣಜನೂರು ದಾಟಿದರೆ ತಮಿಳುನಾಡಿನ ಈರೋಡು ಜಿಲ್ಲೆ ಆರಂಭವಾಗುತ್ತದೆ. ಆ ಜಿಲ್ಲೆಯ ಪೆರುಂದುರೈ ಒಂದು ಕಾಲದಲ್ಲಿ ಎಮು ಸಾಕಣೆ ಯೋಜನೆಗಳ ಕೇಂದ್ರವಾಗಿತ್ತು. ಠೇವಣಿ ಇಟ್ಟವರಿಗೆ ಮರಿಗಳನ್ನು ಕೊಟ್ಟು, ಪ್ರತಿ ತಿಂಗಳೂ ಹಣ ನೀಡುವ ಭರವಸೆ ಅಲ್ಲಿತ್ತು. 2012ರ ಆಗಸ್ಟ್‌ನಲ್ಲಿ ಈ ವ್ಯವಹಾರ ಕುಸಿಯಿತು. ಠೇವಣಿದಾರರು ಹಣ ಕಳೆದುಕೊಂಡರು. ಆಹಾರವಿಲ್ಲದೆ ಉಳಿದ ಹಕ್ಕಿಗಳನ್ನು ಸರ್ಕಾರವೇ ಸಲಹಬೇಕಾಯಿತು. ಈ ಪಕ್ಷಿಯ ಸಂತಾನಕ್ರಮವನ್ನು ಅರಿತವರಿಗೆ ಆ ಭರವಸೆಯ ದೋಷ ಮೊದಲೇ ಗೋಚರಿಸುತ್ತದೆ.

ಮೊಟ್ಟೆ ಇಡುವ ಕ್ರಮ

ಎಮು ಆಸ್ಟ್ರೇಲಿಯಾ ಮೂಲದ, ಹಾರಲಾರದ ಪಕ್ಷಿ. ಮರಿಯು ಪ್ರಾಯಕ್ಕೆ ಬರಲು 18ರಿಂದ 24 ತಿಂಗಳು ಬೇಕು. ನಮ್ಮ ದೇಶದಲ್ಲಿ ಇದು ಚಳಿಗಾಲದಲ್ಲಿ, ಮುಖ್ಯವಾಗಿ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ, ಕೆಲವು ದಿನಗಳಿಗೊಂದರಂತೆ ಮೊಟ್ಟೆ ಇಡುತ್ತದೆ. ಮೊಟ್ಟೆಯು ಕಡುಹಸಿರು ಬಣ್ಣದ್ದಾಗಿದ್ದು, ಸುಮಾರು ಅರ್ಧ ಕಿಲೋ ತೂಗುತ್ತದೆ.

ಕಾವು ಕೊಡುವುದು ಗಂಡು

ನಮ್ಮ ನಾಟಿ ಕೋಳಿಯಲ್ಲಿ ಹೇಂಟೆ 21 ದಿನ ಕಾವು ಕೊಡುತ್ತದೆ. ಎಮುವಿನಲ್ಲಿ ಈ ಹೊಣೆ ಗಂಡಿನದು. ಅದು ಸುಮಾರು ಎಂಟು ವಾರ ಗೂಡಿನಲ್ಲಿ ಕುಳಿತು, ಬಹುತೇಕ ಅನ್ನನೀರು ಬಿಟ್ಟು, ದಿನಕ್ಕೆ ಹಲವು ಬಾರಿ ಮೊಟ್ಟೆಗಳನ್ನು ಹೊರಳಿಸುತ್ತದೆ. ಈ ಅವಧಿಯಲ್ಲಿ ತನ್ನ ತೂಕದ ಸುಮಾರು ಮೂರನೇ ಒಂದು ಭಾಗವನ್ನು ಕಳೆದುಕೊಳ್ಳುತ್ತದೆ. ಪಟ್ಟೆಪಟ್ಟೆಯ ಮರಿಗಳು ಹೊರಬಂದ ಮೇಲೆ ಹಲವು ತಿಂಗಳು ಅವುಗಳನ್ನು ಕಾಯುವುದೂ ಗಂಡೇ.

ಸಾಕಣೆ ಕೇಂದ್ರಗಳಲ್ಲಿ ಮೊಟ್ಟೆಗಳನ್ನು ಸಂಗ್ರಹಿಸಿ ಕಾವುಯಂತ್ರದಲ್ಲಿಡುತ್ತಾರೆ. ಸುಮಾರು 36 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಹದವಾದ ತೇವಾಂಶ ಹಾಗೂ ಕಾಲಕಾಲಕ್ಕೆ ಹೊರಳಿಸುವಿಕೆ ಅಗತ್ಯ. 50 ದಿನಗಳ ನಂತರವೇ ಮರಿ ಹೊರಬರುತ್ತದೆ. ಈ ನಡುವೆ ವಿದ್ಯುತ್ ದೀರ್ಘಕಾಲ ಕಡಿತಗೊಂಡರೆ ಭ್ರೂಣ ನಾಶವಾಗಬಹುದು.

ಲೆಕ್ಕ ಹೇಳುವ ಸತ್ಯ

ಮರಿ ತಂದ ದಿನದಿಂದ ಮೊದಲ ಮೊಟ್ಟೆಯವರೆಗೆ ಒಂದೂವರೆಯಿಂದ ಎರಡು ವರ್ಷ ಕೇವಲ ಖರ್ಚು. ಆದ್ದರಿಂದ ಮೊದಲ ತಿಂಗಳಿನಿಂದಲೇ ಬರುವ ಹಣ ಹಕ್ಕಿಯ ದುಡಿಮೆಯದಲ್ಲ. ಮಾಂಸ, ಎಣ್ಣೆಗಳಿಗೆ ಸ್ಥಿರ ಮಾರುಕಟ್ಟೆ ಇಲ್ಲದಿದ್ದಾಗ ಮರಿಗಳನ್ನು ಕೊಳ್ಳುವವರು ಹೊಸ ಸಾಕಣೆದಾರರು ಮಾತ್ರ. ಹೊಸಬರು ಬರುವುದು ನಿಂತ ದಿನವೇ ವ್ಯವಹಾರವೂ ನಿಲ್ಲುತ್ತದೆ.

ಸದಸ್ಯರು ಗಮನಿಸಬೇಕಾದುದು

ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಗಡಿಗ್ರಾಮಗಳಿಗೆ ಯಾವುದೇ ಪ್ರಾಣಿ ಅಥವಾ ಪಕ್ಷಿಯ ಹೆಸರಿನಲ್ಲಿ ಇಂತಹ ಯೋಜನೆ ಬಂದಾಗ ಸದಸ್ಯರು ಗ್ರಾಮಸಭೆಯಲ್ಲಿ ಮೂರು ಪ್ರಶ್ನೆಗಳನ್ನು ಎತ್ತುವುದು ಸೂಕ್ತ: ಮೊದಲ ಉತ್ಪನ್ನ ಯಾವಾಗ ದೊರೆಯುತ್ತದೆ? ಅದನ್ನು ಕೊಳ್ಳುವವರು ಯಾರು? ಅದಕ್ಕೂ ಮೊದಲು ಕೊಡುವ ಹಣದ ಮೂಲ ಯಾವುದು? ಸ್ಪಷ್ಟ ಉತ್ತರ ದೊರೆಯದಿದ್ದಲ್ಲಿ ಪಶುವೈದ್ಯಾಧಿಕಾರಿಗಳ ಸಲಹೆ ಪಡೆಯಬೇಕು. ಅನಧಿಕೃತವಾಗಿ ಠೇವಣಿ ಸಂಗ್ರಹಿಸುವುದು 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಅಧಿನಿಯಮದಡಿ ಅಪರಾಧವಾಗಿದ್ದು, ಅಂತಹ ಪ್ರಕರಣ ಕಂಡುಬಂದಲ್ಲಿ ಪೊಲೀಸ್ ಠಾಣೆಗೆ ತಿಳಿಸತಕ್ಕದ್ದು. ರೈತರು ಜಮೀನು ಅಡವಿಟ್ಟು ಹಣ ಕಟ್ಟುವ ಮುನ್ನವೇ ಈ ವಿಚಾರಣೆ ನಡೆಯುವುದು ಮುಖ್ಯ.