ಒರಲೆಯ ಊಟ

ಅಕ್ಕಲಕೋಟ ತಾಲೂಕಿನ ಕರಜಗಿಯ ಕಡೆ ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಉಳಿಯುವುದು ಜೋಳದ ಕೂಳೆ, ತೊಗರಿ ಕಡ್ಡಿ, ಒಣ ಸಗಣಿ. ಬೇಸಿಗೆ ಕಳೆದ ಮೇಲೆ ಒಂದು ಕೂಳೆ ಕಿತ್ತು ನೋಡಿರಿ. ಒಳಗೆಲ್ಲ ಬರೀ ಮಣ್ಣು. ಇದು ಒರಲೆಯ ಕೆಲಸ. ಗೆದ್ದಲು ಎಂದರೂ ಇದೇ.

ಮನೆಯ ತೊಲೆಗೋ ಹಿರಿಯರ ಪುಸ್ತಕಕ್ಕೋ ಒರಲೆ ಹತ್ತಿದರೆ ನಾವು ಮೊದಲು ಹುಡುಕುವುದು ವಿಷದ ಡಬ್ಬಿಯನ್ನು. ಅದಕ್ಕೂ ಮುಂಚೆ ಅದರ ಊಟದ ರೀತಿ ತಿಳಿದರೆ ಮನೆಯೂ ಉಳಿದೀತು, ಜೀವವೂ ಉಳಿದೀತು.

ಹುತ್ತ ಕಟ್ಟುವ ನಮ್ಮ ಒರಲೆ ಒಣ ಕಟ್ಟಿಗೆ, ಹುಲ್ಲು ತಿಂದು ಬಂದು, ಅರೆಜೀರ್ಣವಾದ ಮಲದಿಂದ ಹುತ್ತದೊಳಗೆ ಜೇನುಹಲ್ಲೆಯಂಥ ತೋಟ ಮಾಡುತ್ತದೆ. ಅದರ ಮೇಲೆ ಒಂದು ಜಾತಿಯ ಬೂಷ್ಟು ಬೆಳೆದು ಗಟ್ಟಿ ನಾರನ್ನು ಮೆತ್ತಗೆ ಮಾಡುತ್ತದೆ. ಒರಲೆ ಅದನ್ನು ಮತ್ತೆ ತಿನ್ನುತ್ತದೆ. ರಾಣಿಗೂ ಕಾವಲಿನ ಹುಳಗಳಿಗೂ ಕೆಲಸಗಾರ ಹುಳಗಳೇ ಬಾಯಿಗೆ ಬಾಯಿಟ್ಟು ಉಣಿಸುತ್ತವೆ.

ಮರುಭೂಮಿಯಲ್ಲಿ ಈ ಜೀವಿಯ ಬೆಲೆ ಇನ್ನೂ ಹೆಚ್ಚು. ತೇವವಿಲ್ಲದ ಕಡೆ ಕಸ ತಾನಾಗಿ ಕೊಳೆಯದು. ರಾಜಸ್ಥಾನದ ಥಾರ್‌ನಲ್ಲಿ ಒಣಹುಲ್ಲು, ಸಗಣಿಯನ್ನು ಮಣ್ಣಿಗೆ ಮರಳಿಸುವವರಲ್ಲಿ ಒರಲೆಯೇ ಮುಂದು. ಆಫ್ರಿಕದ ಒಣನಾಡಿನ ಒಂದು ಜಾತಿ ಹಗಲಿನಲ್ಲೇ ಹೊರಬಂದು ಹುಲ್ಲು ಕತ್ತರಿಸಿ ಒಯ್ಯುತ್ತದೆ. ಅದಕ್ಕೆ ಕಣ್ಣುಂಟು. ನಮ್ಮ ಕೆಲಸಗಾರ ಒರಲೆಗೆ ಕಣ್ಣಿಲ್ಲ. ನಮ್ಮ ಶಾಸ್ತ್ರ ಒರಲೆಯನ್ನು ಸ್ಪರ್ಶ, ರುಚಿ, ವಾಸನೆ ಬಲ್ಲ ಮೂರಿಂದ್ರಿಯದ ಜೀವಿ ಎಂದು ಎಣಿಸಿದೆ.

ಅದರ ಮೈ ಬಲು ಮೆದು. ಬಿಸಿಲು, ಗಾಳಿ ತಾಗಿದರೆ ಒಣಗಿಬಿಡುತ್ತದೆ. ಆದ್ದರಿಂದಲೇ ಗೋಡೆಯ ಮೇಲೆ ಮಣ್ಣಿನ ಕೊಳವೆ ಕಟ್ಟಿಕೊಂಡು ಅದರೊಳಗೆ ನಡೆಯುತ್ತದೆ. ಗೃಹಿಣಿಯರು ನೆನಪಿಡಬೇಕಾದದ್ದು ಇಷ್ಟೆ: ಗೋಡೆ ತೇವವಾಗದಿರಲಿ. ಕಪಾಟು ಗೋಡೆಗೆ ಅಂಟದಿರಲಿ. ಕಟ್ಟಿಗೆ, ಕಣಿಕೆ ಕಲ್ಲಿನ ಮೇಲೆ ಒಟ್ಟಿರಲಿ. ಹೊಲಕ್ಕೆ ಚೆನ್ನಾಗಿ ಕೊಳೆತ ಗೊಬ್ಬರವನ್ನೇ ಹಾಕಿರಿ, ಅರೆಕೊಳೆತದ್ದು ಒರಲೆಯನ್ನು ಕರೆಯುತ್ತದೆ.

ಶ್ರವಣಬೆಳಗೊಳದ ಬಾಹುಬಲಿಯ ಕಾಲಬಳಿ ಶಿಲ್ಪಿ ಹುತ್ತಗಳನ್ನು ಕಡೆದಿದ್ದಾನೆ. ಅಲುಗದೆ ನಿಂತದ್ದರ ಸುತ್ತ ಹುತ್ತ ಬೆಳೆಯುತ್ತದೆ. ತಪಸ್ವಿಗೆ ಅದು ಭೂಷಣ, ನಮ್ಮ ಪುಸ್ತಕಗಳಿಗಲ್ಲ. ವರ್ಷಗಟ್ಟಲೆ ಮುಟ್ಟದ ಗ್ರಂಥವನ್ನು ಒರಲೆ ನಿಶ್ಚಿಂತೆಯಿಂದ ತಿನ್ನುತ್ತದೆ. ತಿಂಗಳಿಗೊಮ್ಮೆಯಾದರೂ ಮಕ್ಕಳನ್ನು ಕೂಡಿಸಿಕೊಂಡು ಕಪಾಟು ತೆರೆಯಿರಿ, ಧೂಳು ಕೊಡವಿರಿ, ನಾಲ್ಕು ಪುಟ ಓದಿರಿ. ಯಾರನ್ನೂ ಕೊಲ್ಲದೆ ಪುಸ್ತಕ ಉಳಿಸುವ ದಾರಿ ಇದು.